ಲಿಂಗದ ಮೇಲೆ ಎಂ.ಎ.

ಒಂದು ಪದಕ್ಕೆ ಎರಡು ಅರ್ಥ ಇರುವುದು ಕವಿಗಳಿಗೆ ಅನುಕೂಲ ಎಂದು ಕೇಳಿದ್ದೇನೆ. ಸೊಸೆಯರಿಗೂ ಅನುಕೂಲ ಎಂಬುದನ್ನು ನನ್ನ ಮೂವತ್ತಾರನೇ ವಯಸ್ಸಿನಲ್ಲಿ ಕಂಡುಕೊಂಡೆ. ಆ ಅನುಕೂಲವನ್ನು ಎರಡು ವರ್ಷ ಹೊಟ್ಟೆ ತುಂಬ ಉಂಡೆ. ಈಗ ಅಜೀರ್ಣವಾಗಿದೆ, ಅದಕ್ಕೇ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನನ್ನ ತವರು ದೇವದುರ್ಗ, ಕೊಟ್ಟ ಮನೆ ಮಾನ್ವಿ. ಮಾವನವರದು ರೈಸ್ ಮಿಲ್ಲು. ನನ್ನ ಗಂಡ ಮಿಲ್ಲಿನಲ್ಲೇ ಇರುತ್ತಾರೆ, ಅಂದರೆ ಮಾವನವರ ಪಕ್ಕದ ಕುರ್ಚಿಯಲ್ಲಿ ಇರುತ್ತಾರೆ. ಮಾವನವರು ಅಂದದ್ದಕ್ಕೆ ತಲೆ ಆಡಿಸುವುದು ಅವರ ಹುದ್ದೆ. ಮಗಳು ಹೈಸ್ಕೂಲಿಗೆ ಹೋಗತೊಡಗಿದ ಮೇಲೆ ನನಗೆ ಮತ್ತೆ ಓದುವ ಹುಚ್ಚು ಹತ್ತಿತು. ರಾಯಚೂರಿನ ಕಾಲೇಜೊಂದರಲ್ಲಿ ‘ಲಿಂಗತ್ವ, ಅಭಿವೃದ್ಧಿ ಮತ್ತು ಜಾಗತೀಕರಣ’ ಎಂಬ ಎಂ.ಎ. ಇತ್ತು. ಹೆಸರು ಉದ್ದ, ಸೀಟು ಖಾಲಿ. ಅರ್ಜಿಗೆ ಮನೆಯ ಹಿರಿಯರ ಒಪ್ಪಿಗೆ ಕಾಲೇಜಿಗೇನೂ ಬೇಕಿರಲಿಲ್ಲ, ಮನೆಗೆ ಬೇಕಿತ್ತು. ಅರ್ಜಿಯ ನೆತ್ತಿಯ ಮೇಲೆ ‘ಲಿಂಗ ಅಧ್ಯಯನ ವಿಭಾಗ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮಾವನವರು ಕನ್ನಡಕ ಏರಿಸಿ ಓದಿದರು. ಅವರ ಕೈ ತಾನಾಗಿಯೇ ಎದೆಯ ಮೇಲಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಗೆ ಹೋಯಿತು. ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರ ಬಾಯಿಗೂ ನೀರು ಬೀಳುವುದಿಲ್ಲ.

“ಲಿಂಗದ ಮ್ಯಾಲೆ ಎಂಎ ಅದ ಏನು? ನನಗ ಗೊತ್ತಿದ್ದಿಲ್ಲ ನೋಡು. ಮಾಡಲಿ. ಮನಿಗೆ ಒಳ್ಳೇದು” ಅಂದರು.

ಅದು ಆ ಲಿಂಗವಲ್ಲ, ಗಂಡು ಹೆಣ್ಣು ಅನ್ನುವ ಲಿಂಗ ಎಂದು ಹೇಳಲು ಬಾಯಿ ತೆರೆದೆ. ತೆರೆದ ಬಾಯನ್ನು ಆಕಳಿಕೆ ಬಂದವಳಂತೆ ಮುಚ್ಚಿಕೊಂಡೆ. ರಾತ್ರಿಯ ರೊಟ್ಟಿ ಬಡಿಯುವ ಮೊದಲೇ ದೇವದುರ್ಗಕ್ಕೆ ಫೋನು ಮಾಡಿ ಅವ್ವನಿಗೆ ಹೇಳಿದರೆ, “ನೀ ಏನರ ಸುಳ್ಳು ಹೇಳೀಯೇನು? ಸುಮ್ಮನಿದ್ದಿ. ಸುಮ್ಮನಿದ್ದದ್ದಕ್ಕ ಯಾವ ದೇವ್ರೂ ಪಾಪ ಬರಕೊಳ್ಳಂಗಿಲ್ಲ ಬೇ” ಅಂದಳು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬಂಗಾರವೆಲ್ಲ ಮಾವನವರ ಕಪಾಟಿನಲ್ಲೇ ಇರುತ್ತದೆ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಆಮೇಲಿನ ದಿನಗಳು ಸುಖವಾಗಿಯೇ ಇದ್ದವು, ಅದೇ ನಾಚಿಕೆಗೇಡು. ಮನೆ ಸೊಸೆ ದಿನಾ ಬಸ್ಸು ಹತ್ತಿ ರಾಯಚೂರಿಗೆ ಹೋಗುವುದನ್ನು ಯಾರಾದರೂ ಎತ್ತಿ ಆಡಿದರೆ ಮಾವನವರೇ, “ದಂಧೇಕ್ಕ ಹೊಂಟಿಲ್ಲಪಾ, ಧರ್ಮಕ್ಕ ಹೊಂಟಾಳ” ಎಂದು ಬಾಯಿ ಮುಚ್ಚಿಸುತ್ತಿದ್ದರು. ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ‘ಪಿತೃಪ್ರಧಾನ ಕುಟುಂಬದ ಲಕ್ಷಣಗಳು’ ಓದುತ್ತಿದ್ದೆ. ಆ ಸೀಟಿಗೆ ಚೀಲ ಎಸೆದು ನನಗಾಗಿ ಹಿಡಿದಿಡುತ್ತಿದ್ದವನು ಮಾತ್ರ ಆ ಕುಟುಂಬದ ಯಜಮಾನರು ಹೇಳಿಟ್ಟ ಕಂಡಕ್ಟರು. ತರಗತಿಯಲ್ಲಿ ನಮ್ಮ ಮೇಷ್ಟ್ರು, ಹೆಣ್ಣುಮಕ್ಕಳು ಧೈರ್ಯವಾಗಿ ಮಾತಾಡಬೇಕು ಎಂದು ಒಂದು ಗಂಟೆ ಹೇಳುತ್ತಿದ್ದರು. ನಾವು ಹದಿನಾಲ್ಕು ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಂಡು ಅದನ್ನು ಬರೆದುಕೊಳ್ಳುತ್ತಿದ್ದೆವು. ಜಾಗತೀಕರಣದ ಪಾಠದ ದಿನ ಕರೆಂಟು ಹೋಗಿ ಪ್ರೊಜೆಕ್ಟರು ನಿಂತಿತು. ನಮ್ಮ ಮಿಲ್ಲಿನ ಅಕ್ಕಿ ದುಬೈಗೆ ಹೋಗುತ್ತದೆ, ಚೀಲದ ಮೇಲೆ ಮೊರ ಹಿಡಿದು ನಗುವ ಹೆಣ್ಣಿನ ಚಿತ್ರ ಇರುತ್ತದೆ ಎಂದು ನಾನೇ ಉದಾಹರಣೆ ಕೊಟ್ಟೆ. ಮೇಷ್ಟ್ರು ಮೆಚ್ಚಿ, “ಅದನ್ನೇ ಪ್ರಾಜೆಕ್ಟ್ ಮಾಡಿ. ಚೀಲದ ಮೇಲೆ ನಗುವವಳಲ್ಲ, ಚೀಲ ತುಂಬುವವಳು” ಅಂದುಬಿಟ್ಟರು. ಉತ್ಸಾಹ ಯಾವತ್ತೂ ನನಗೆ ಒಳ್ಳೆಯದು ಮಾಡಿಲ್ಲ.

ಚೀಲ ತುಂಬುವವರು ಎಲ್ಲಿದ್ದಾರೆ? ನಮ್ಮ ಮಿಲ್ಲಿನಲ್ಲೇ. ಕಲ್ಲೂರಿನಿಂದ, ಹಿರೇಕೊಟ್ನೆಕಲ್ಲಿನಿಂದ ಹೆಣ್ಣಾಳುಗಳು ಟಂಟಂ ಆಟೊ ತುಂಬಿಕೊಂಡು ಬರುತ್ತಾರೆ. ನೆಲ್ಲು ಹರವುತ್ತಾರೆ, ಕಾಲಿನಿಂದ ತಿರುವುತ್ತಾರೆ, ಮತ್ತೆ ಗುಡ್ಡೆ ಹಾಕುತ್ತಾರೆ. ಪಕ್ಕದಲ್ಲೇ ಗಂಡಾಳುಗಳು ಅದೇ ನೆಲ್ಲನ್ನು ಹರವಿ, ತಿರುವಿ, ಗುಡ್ಡೆ ಹಾಕುತ್ತಾರೆ. ಶನಿವಾರ ಪಗಾರದ ಹೊತ್ತಿಗೆ ಮಾತ್ರ ಅವರ ನೆಲ್ಲು ಭಾರವಾಗುತ್ತದೆ, ಇವರದು ಹಗುರಾಗುತ್ತದೆ. ಇವರನ್ನು ಮಾತಾಡಿಸಬೇಕು ಎಂದು ಮಾವನವರನ್ನು ಹೇಗೆ ಕೇಳುವುದು? “ಕಾಯಕದ ಬಗ್ಗೆ ಒಂದಿಷ್ಟು ಕೇಳೋದದ ರೀ ಮಾವಾರ” ಅಂದೆ. ಲಿಂಗದ ಓದಿನಲ್ಲಿ ಕಾಯಕ ಇಲ್ಲದೆ ಇರುತ್ತದೆಯೇ? ಅವರು ಖುಷಿಯಾಗಿ ನೆರಳಿಗೆ ನನಗೊಂದು ಕುರ್ಚಿ ಹಾಕಿಸಿಕೊಟ್ಟರು.

ಕುರ್ಚಿಯ ಮೇಲೆ ಕೂತು ನಾನು, ನೆಲದ ಮೇಲೆ ಕೂತು ಹುಲಿಗೆಮ್ಮ. ಹನ್ನೊಂದು ವರ್ಷದಿಂದ ನಮ್ಮಲ್ಲಿ ದುಡಿಯುವವಳು, ನನ್ನ ವಾರಗೆಯವಳೇ. ಪ್ರಶ್ನಾವಳಿಯ ನಲವತ್ತು ಪ್ರಶ್ನೆಗೂ ತಾಳ್ಮೆಯಿಂದ ಉತ್ತರ ಕೊಟ್ಟಳು. ಬಿಸಿಲಿಗೆ ಕಾಲು ಬೊಬ್ಬೆ ಏಳುವುದು, ಕೂಸು ಹೊಟ್ಟೆಯಲ್ಲಿದ್ದಾಗಲೂ ನೆಲ್ಲು ತಿರುವಿದ್ದು, ಮೂತ್ರಕ್ಕೆ ಹೋಗಲು ಜಾಗವಿಲ್ಲದೆ ದಿನವಿಡೀ ನೀರೇ ಕುಡಿಯದೆ ಇರುವುದು. ಮಿಲ್ಲಿಗೆ ಅಂಟಿಕೊಂಡ ನಮ್ಮ ಮನೆಯ ಹಿತ್ತಲ ಬಾಗಿಲಿನಿಂದ ಇಪ್ಪತ್ತು ಹೆಜ್ಜೆ ದೂರದ ಸಂಗತಿ, ಹದಿನಾರು ವರ್ಷದಿಂದ ಆ ಮನೆಯಲ್ಲಿರುವ ನನಗೆ ಗೊತ್ತಿರಲಿಲ್ಲ. ಕೊನೆಗೆ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು.

“ಇದೆಲ್ಲಾ ಬರಕೊಂಡ್ರಿ. ಸಾವ್ಕಾರ್ರ ಮುಂದ ಓದತೀರೇನ್ರೀ ಯವ್ವಾ?”

“ಓದತೀನಿ” ಅಂದೆ.

“ಬರೇ ಪಗಾರದ್ದು ಬ್ಯಾಡ್ರಿ. ಆ ನೀರಿಂದೂ ಓದ್ರಿ” ಅಂದು ಎದ್ದು ಹೋದಳು.

ಓದಲು ಒಂದು ಅವಕಾಶ ತಾನಾಗಿಯೇ ಬಂತು. ಶ್ರಾವಣದ ಒಂದು ಸೋಮವಾರ ಓಣಿಯ ಸಭೆಯಲ್ಲಿ ನನ್ನಿಂದ ಲಿಂಗದ ಬಗ್ಗೆ ಮಾತಾಡಿಸುವುದಾಗಿ ಮಾವನವರು ಒಪ್ಪಿಕೊಂಡು ಬಂದಿದ್ದರು. ವೇದಿಕೆ ಹತ್ತಿದೆ. ಗಂಡಿಗೂ ಹೆಣ್ಣಿಗೂ ಒಂದೇ ಲಿಂಗ ಕಟ್ಟುತ್ತಾರೆ, ಹೆಣ್ಣಿನದು ಸಣ್ಣದು ಗಂಡಿನದು ದೊಡ್ಡದು ಅಂತಿಲ್ಲ ಎಂದು ಶುರು ಮಾಡಿದೆ. ಜನ ತಲೆದೂಗಿದರು. ಕಾಯಕದಲ್ಲಿಯೂ ಮೇಲು ಕೀಳಿಲ್ಲ ಅಂದೆ. ಮತ್ತೆ ತಲೆದೂಗಿದರು. “ಆದ್ದರಿಂದ...” ಅಂದೆ. ಆ ಆದ್ದರಿಂದದ ಮುಂದೆ ನಮ್ಮ ಮಿಲ್ಲಿನ ಗೇಟು ಇತ್ತು. ಮುಂದಿನ ಸಾಲಿನಲ್ಲಿ ಮಾವನವರು ಕೂತಿದ್ದರು. ಕೊನೆಯ ಸೆಮಿಸ್ಟರಿನ ಪರೀಕ್ಷೆ ಬಾಕಿ ಇತ್ತು. ಆದ್ದರಿಂದ ಎಲ್ಲರಿಗೂ ಶರಣು ಎಂದು ಕೈ ಮುಗಿದು ಇಳಿದುಬಿಟ್ಟೆ. ಶಾಲು ಹೊದಿಸಿದರು. ಆ ಸೆಕೆಗೆ ಶಾಲು ಒಂದು ಶಿಕ್ಷೆಯೇ, ನನಗೆ ಅಷ್ಟು ಸಾಲದು.

ಪ್ರಾಜೆಕ್ಟಿನಲ್ಲಿ ಎಲ್ಲ ಬರೆದೆ, ಮಿಲ್ಲಿನ ಹೆಸರೊಂದನ್ನು ಬಿಟ್ಟು. ಯಾವ ಮಿಲ್ಲು ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ, ಗೋಪ್ಯತೆ ಕಾಯುವುದು ಸಂಶೋಧನೆಯ ನೀತಿ ಸಾರ್ ಅಂದೆ. ಮೇಷ್ಟ್ರಿಗೆ ಹೆಮ್ಮೆಯಾಯಿತು. ‘ಮೌನವೂ ಹೆಣ್ಣಿನ ಆಯುಧ’ ಎಂಬ ನನ್ನ ಮೂರನೇ ಅಧ್ಯಾಯವನ್ನು ತರಗತಿಯಲ್ಲಿ ಓದಿಸಿದರು. ಮೊದಲ ದರ್ಜೆ ಬಂತು. ಎಂ.ಎ. ಕೈಗೆ ಬಂದ ಮೇಲೆ ಇನ್ನು ಯಾರ ಹೆದರಿಕೆ ಎಂದು ನನಗೆ ನಾನೇ ಹೇಳಿಕೊಂಡು, ಒಂದು ಬೆಳಗ್ಗೆ ಬೈಂಡು ಮಾಡಿಸಿದ ಪ್ರತಿ ಹಿಡಿದು ಮಿಲ್ಲಿನ ಆಫೀಸಿಗೆ ಹೋದೆ. ಮಾವನವರು ಒಬ್ಬರೇ ಇದ್ದರು. ಎರಡು ವರ್ಷದ ಮಾತನ್ನು ಒಂದೇ ಉಸಿರಿಗೆ ಹೇಳಿದೆ.

“ಮಾವಾರ, ನಾ ಓದಿದ್ದು ನಿಮ್ಮ ಲಿಂಗ ಅಲ್ಲರೀ.”

ಅವರು ಚಹಾದ ಬಟ್ಟಲು ಕೆಳಗಿಡಲಿಲ್ಲ. “ಗೊತ್ತದ” ಅಂದರು. “ಅರ್ಜಿ ತಂದ ದಿನಾನೇ ನಿಮ್ಮ ಕಾಲೇಜಿಗೆ ಫೋನ್ ಹಚ್ಚಿ ಕೇಳಿದ್ದೆ. ಅವರು ಎಲ್ಲಾ ಬಿಡಿಸಿ ಹೇಳಿದ್ರು.”

“ಮತ್ತ ಸುಮ್ಮನ್ಯಾಕ ಇದ್ರಿ?”

“ನೀ ಖರೇ ಹೇಳಿ ಕೇಳಿದ್ರೂ ಹೂಂ ಅಂತಿದ್ದೆ. ಆದ್ರ ಖರೇ ಹೇಳಿ ಹೋದಾಕಿ, ನಾಳೆ ಮಿಲ್ಲಿಂದೂ ಖರೇ ಹೇಳಾಕ ನಿಂದರ್ತಾಳ. ಹೆದರಿಕೊಂಡು ಓದೋರು ಸುಮ್ಮ ಓದತಾರ. ಆ ಸೋಮವಾರನೂ ನೋಡಿದ್ನಲ್ಲ, ಆದ್ದರಿಂದ ಅಂದಿ, ಇಳದಿ.”

ನನಗೆ ಸಿಟ್ಟು ಬಂತು. ಅವರ ಮೇಲೆ ಬಂದದ್ದು ಅರ್ಧ. ಇಷ್ಟು ದಿನ ನಾನು ಅವರಿಗೆ ಮೋಸ ಮಾಡುತ್ತಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆನಲ್ಲ, ಉಳಿದರ್ಧ ಬಂದದ್ದು ಆ ಜಾಣೆಯ ಮೇಲೆ. ಮೌನವೇ ಆಯುಧ ಎಂದು ಇಪ್ಪತ್ತೆರಡು ಪುಟ ಬರೆದವಳಿಗೆ, ಅದರ ಹಿಡಿ ಯಾರ ಕೈಯಲ್ಲಿತ್ತು ಎಂಬುದು ಕಾಣಲಿಲ್ಲ.

“ಈಗೇನು, ಎಲ್ಲಾ ತಿಳಿದಾತು. ನಿನ್ನ ಓದೂ ಮುಗೀತು. ಅದೇನು ಬರದೀ, ಓದು. ಕೇಳ್ತೀನಿ” ಎಂದು ಮಾವನವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

ಕಿಟಕಿಯಾಚೆ ಹೆಣ್ಣಾಳುಗಳು ನೆಲ್ಲು ತಿರುವುತ್ತಿದ್ದರು. ಹುಲಿಗೆಮ್ಮನ ಮಾತು ಇದ್ದದ್ದು ನಲವತ್ತೇಳನೇ ಪುಟದಲ್ಲಿ, ನನಗೆ ಬಾಯಿಪಾಠವೇ ಆಗಿತ್ತು. ಈಗ ತಡೆಯುವವರು ಯಾರೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ, ಎದುರಿಗೆ ಕೂತವರೇ ಓದು ಅನ್ನುತ್ತಿದ್ದರು. ನಾನು ಪ್ರತಿ ತೆರೆದೆ, ಗಂಟಲು ಸರಿಮಾಡಿಕೊಂಡೆ, ಕೃತಜ್ಞತೆಯ ಪುಟವನ್ನು ಓದಿದೆ: “ನನ್ನ ಅಧ್ಯಯನಕ್ಕೆ ತುಂಬು ಹೃದಯದಿಂದ ಅನುಮತಿಯಿತ್ತು, ಪ್ರತಿ ಹೆಜ್ಜೆಗೂ ಬೆನ್ನೆಲುಬಾಗಿ ನಿಂತ ಪೂಜ್ಯ ಮಾವನವರಿಗೆ...”

“ಛಲೋ ಬರದೀ” ಅಂದರು ಅವರು, ಕಣ್ಣು ಬಿಡದೆ.

“ಥ್ಯಾಂಕ್ಸ್ ರೀ ಮಾವಾರ” ಅಂದೆ.