ಪಿಂಚಣಿ ಡಾಕ್ಟರ ಪಿಂಚಣಿ

ಇನ್ನೊಬ್ಬರ ಮುಪ್ಪಿನ ಬಗ್ಗೆ ಯೋಚಿಸುವುದರಲ್ಲಿ ಇರುವ ಸುಖ ನಮ್ಮ ಮುಪ್ಪಿನ ಬಗ್ಗೆ ಯೋಚಿಸುವುದರಲ್ಲಿ ಇಲ್ಲ. ಆರು ವರ್ಷ ಸಂಶೋಧನೆ ಮಾಡಿ ನಾನು ಕಂಡುಕೊಂಡ ಸತ್ಯ ಇದೊಂದೇ, ಮತ್ತು ನನ್ನ ಮಹಾಪ್ರಬಂಧದಲ್ಲಿ ಎಲ್ಲೂ ಇಲ್ಲದಿರುವುದೂ ಇದೊಂದೇ. ಕೋಲಾರದ ಒಂದು ಖಾಸಗಿ ಅನುದಾನಿತ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದ ನನಗೆ, ತಲೆಯ ಮೇಲಿನ ಕೂದಲು ಪೂರ್ತಿ ಹೋಗುವುದರೊಳಗೆ ಹೆಸರಿನ ಮುಂದೆ ಒಂದು ‘ಡಾ.’ ಬರಲಿ ಎಂಬ ಆಸೆ ಹುಟ್ಟಿತು. ನಿವೃತ್ತಿ ಕಾಲದ ಉಳಿತಾಯ ಮತ್ತು ಪಿಂಚಣಿ ನೀತಿ ಎಂಬ ವಿಷಯ ಆರಿಸಿಕೊಂಡೆ. ಕೂದಲು ಮೊದಲು ಹೋಯಿತು, ‘ಡಾ.’ ಆಮೇಲೆ ಬಂತು.

ನನ್ನ ಹೆಂಡತಿ ಸುಶೀಲ ಶ್ರೀನಿವಾಸಪುರದ ಕಡೆಯವಳು. ಅವಳ ತಾಯಿ ಕೊನೆಗಾಲದಲ್ಲಿ ಎಲೆ ಅಡಿಕೆಗೂ ಮಗನ ಮುಖ ನೋಡಬೇಕಾಗಿ ಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹಾಗಾಗಿ ನಾನು ವಿಷಯದ ಹೆಸರು ಹೇಳಿದ ದಿನ ಅವಳಿಗೆ ನಿಜವಾಗಿ ಸಂತೋಷವಾಯಿತು. “ರೀ, ಅದೇನ್ ಬೇಕಾದ್ರೂ ಬರ್ಕೊಳ್ಳಿ. ನೀವು ರಿಟೈರ್ ಆದ್ಮೇಲೆ ಒಂದನೇ ತಾರೀಖು ಬಂದ್ರೆ ನಾನು ಯಾರ ಮುಂದೇನೂ ಕೈ ಚಾಚಬಾರ್ದು, ಅಷ್ಟೇ. ಆ ದಾರಿ ಒಂದು ನೋಡಿ” ಎಂದಳು. ನಾನು ನಕ್ಕು, ಸಂಶೋಧನೆ ಎಂದರೆ ವೈಯಕ್ತಿಕ ವಿಚಾರವಲ್ಲ, ಅದು ಸಮಾಜಕ್ಕಾಗಿ ಎಂದು ತಿಳಿಹೇಳಿದೆ. ಅವಳು ಹುರುಳಿಕಾಯಿ ಮುರಿಯುತ್ತ, “ಸಮಾಜದಲ್ಲಿ ನಾವಿಲ್ವಾ?” ಎಂದಳು. ಅರ್ಥಶಾಸ್ತ್ರ ಓದದವರ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತ ಕೂರಲಾಗುವುದಿಲ್ಲವೆಂದು ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಆಮೇಲೆ ಸುರುವಾಯಿತು ನೋಡಿ ನನ್ನ ತಿರುಗಾಟ. ಭಾನುವಾರ ಬಂದರೆ ಹೆಗಲಿಗೊಂದು ಚೀಲ, ಚೀಲದ ತುಂಬ ಪ್ರಶ್ನಾವಳಿ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಕೆಮ್ಮಣ್ಣು ಮೆತ್ತಿಕೊಂಡೆ, ಮುಳಬಾಗಿಲ ಬಸ್ಸಿನಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೂಟೆಯ ಮೇಲೆ ಕೂತೆ. ಕುರುಡುಮಲೆಯಲ್ಲಿ ಗಣೇಶನಿಗೆ ಕೈ ಮುಗಿದು ಬಂದವನು ಜಗಲಿಯ ಮೇಲೆ ರಾಗಿ ಕೇರುತ್ತಿದ್ದ ಒಬ್ಬ ಅಜ್ಜಿಯನ್ನು ಹಿಡಿದು, “ಮುಪ್ಪಿಗೆ ಅಂತ ಏನು ಉಳಿಸಿದ್ದೀರಮ್ಮ?” ಎಂದು ಕೇಳಿದೆ. ಅಜ್ಜಿ ಮೊರ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಂದಿರ್ಲಿ ನಾಯನಾ, ನಿಂಗೂ ವಯಸ್ಸಾದಂಗೈತೆ. ನೀನೇನ್ ಎತ್ತಿಟ್ಟಿದ್ಯಾ?” ಎಂದಳು. ಪ್ರಶ್ನಾವಳಿಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ಅಜ್ಜಿಯ ಹೆಸರಿನ ಮುಂದೆ ‘ಉತ್ತರ ದೊರೆಯಲಿಲ್ಲ’ ಎಂದು ಬರೆದುಕೊಂಡು ಬಂದೆ.

ಇಷ್ಟರಲ್ಲಿ, ನನ್ನ ಸಂಶೋಧನೆಗೆ ಮೆಚ್ಚಿಯೇ ಕಳಿಸಿದ್ದೋ ಎಂಬಂತೆ, ನಮ್ಮ ಕಾಲೇಜಿಗೇ ಒಂದು ಸುತ್ತೋಲೆ ಬಂತು. ಅಲ್ಲಿಯವರೆಗೆ ನಮಗೆಲ್ಲ ಇದ್ದದ್ದು ಪಿ.ಎಫ್. ಮಾತ್ರ, ನಿವೃತ್ತಿಯ ದಿನ ಒಂದು ಗಂಟು ಕೈಗಿತ್ತು ನಮಸ್ಕಾರ ಹೇಳುವ ಪದ್ಧತಿ. ಇನ್ನು ಮುಂದೆ ಬೇಕಾದವರು ಅದನ್ನು ಬಿಟ್ಟು ತಿಂಗಳು ತಿಂಗಳು ಪಿಂಚಣಿ ತೆಗೆದುಕೊಳ್ಳಬಹುದು, ಹಾಗೆ ಬೇಕೆಂದು ಫಾರಂ ತುಂಬಿ, ಮೂರು ಪ್ರತಿ ಸಹಿ ಹಾಕಿ, ಗಡುವಿನೊಳಗೆ ಕೊಡಬೇಕು, ಕೊಡದವರು ಪಿ.ಎಫ್.ನಲ್ಲೇ ಉಳಿಯುತ್ತಾರೆ. ನನಗೆ ಹಬ್ಬವೇ ಆಯಿತು. ಸ್ಟಾಫ್ ರೂಮಿನಲ್ಲಿ ಕಪ್ಪು ಹಲಗೆ ತರಿಸಿ ಒಂದು ಗಂಟೆ ಉಪನ್ಯಾಸ ಕೊಟ್ಟೆ. ಬಾಗಿಲಲ್ಲಿ ನಿಂತು ಕೇಳಿದ ನಮ್ಮ ಅಟೆಂಡರ್ ಮುನಿವೆಂಕಟಪ್ಪ ಆಮೇಲೆ ಬಂದು, “ಸಾ, ನಂಗೊಂದೂ ಅರ್ತ ಆಗ್ಲಿಲ್ಲ. ನಮ್ಮಂತೋರ್ಗೆ ಯಾವ್ದು ವಾಸಿ ಅಂತ ಒಂದೇ ಮಾತ್ನಲ್ಲಿ ಯೋಳ್ಬುಡಿ” ಎಂದ. “ಪಿಂಚಣಿ” ಎಂದೆ. ಅವನ ಫಾರಂ ನಾನೇ ತುಂಬಿದೆ. ಅವನದೊಂದೇ ಏನು, ಸಂಸ್ಕೃತ ಮೇಷ್ಟ್ರದು, ಲೈಬ್ರರಿಯವರದು, ಇಡೀ ಕಾಲೇಜಿನದು ತುಂಬಿದೆ. ಅಂದಿನಿಂದ ಊರಲ್ಲಿ ನನಗೆ ‘ಪಿಂಚಣಿ ಡಾಕ್ಟ್ರು’ ಎಂಬ ಹೆಸರು ಬಿತ್ತು. ವಿಶ್ವವಿದ್ಯಾಲಯ ಕೊಡುವುದಕ್ಕೆ ಮೊದಲೇ.

ನನ್ನದೂ ತುಂಬಿದೆ. ಸುಳ್ಳು ಹೇಳಬಾರದು, ಎಲ್ಲರಿಗಿಂತ ಅಂದವಾಗಿ ತುಂಬಿದೆ. ಮೂರೂ ಪ್ರತಿಗೆ ಹೊಸ ಪೆನ್ನಿನಲ್ಲಿ ಸಹಿ ಹಾಕಿದೆ. ಅದೇ ವಾರ ನನ್ನ ಮಾರ್ಗದರ್ಶಕರು, “ಅನುಬಂಧದಲ್ಲಿ ಖಾಲಿ ನಮೂನೆ ಇಟ್ಟರೆ ಪರೀಕ್ಷಕರು ಒಪ್ಪುವುದಿಲ್ಲ. ತುಂಬಿದ ಮೂಲ ಫಾರಂ ಇರಲಿ” ಎಂದು ಹೇಳಿ ಕಳಿಸಿದ್ದರು. ಪ್ರಬಂಧ ಸಿದ್ಧಪಡಿಸುತ್ತಿದ್ದದ್ದೂ ಮೂರೇ ಪ್ರತಿ. ಸದ್ಯಕ್ಕೆ ನನ್ನವನ್ನೇ ಇಟ್ಟರಾಯಿತು, ಆಫೀಸಿಗೆ ಬೇರೆ ಮೂರು ತುಂಬಿಕೊಟ್ಟರಾಯಿತು ಎಂದುಕೊಂಡು ಪ್ರತಿಯೊಂದರ ಕೊನೆಗೂ ಒಂದೊಂದು ಇಟ್ಟು ಬೈಂಡಿಂಗಿಗೆ ಕೊಟ್ಟೆ. ಕೆಂಪು ರಟ್ಟು, ಬಂಗಾರದ ಅಕ್ಷರ. ಗಡುವಿನ ಕೊನೆಯ ದಿನ ಮುನಿವೆಂಕಟಪ್ಪ ಬಗಲಲ್ಲಿ ಕಟ್ಟು ಹಿಡಿದು ನನ್ನ ಕ್ಲಾಸಿನ ಬಾಗಿಲಿಗೇ ಬಂದ. “ಸಾ, ನಿಮ್ದೊಂದ್ ಕೊಟ್ಬುಡಿ, ಎಲ್ಲಾರ್ದೂ ಒಟ್ಗೆ ಆಪೀಸ್ಗೆ ಕೊಟ್ಬರ್ತೀನಿ.” ಮೂರು ಪ್ರತಿ ತುಂಬಿದ್ದು ಚೆನ್ನಾಗಿ ನೆನಪಿತ್ತು. ಸಹಿ ಹಾಕಿದ್ದು ನೆನಪಿತ್ತು. ಯಾರದೋ ಕೈಗೆ ಕೊಟ್ಟದ್ದೂ ನೆನಪಿತ್ತು. “ನಾನು ಆಗಲೇ ಕೊಟ್ಟಾಯ್ತಪ್ಪ” ಎಂದು ಹೇಳಿ, ಬೇಡಿಕೆ ಮತ್ತು ಪೂರೈಕೆಯ ಪಾಠ ಮುಂದುವರಿಸಿದೆ.

ಡಾಕ್ಟರೇಟ್ ಬಂತು, ಹಾರ ಬಂತು. ವರ್ಷಗಳು ಕಳೆದು ನಿವೃತ್ತಿಯ ಕಾಗದಪತ್ರ ತಯಾರಾಗುವಾಗ ಗುಮಾಸ್ತರು ಸೇವಾ ಪುಸ್ತಕವನ್ನು ಎರಡು ಸಲ ತಿರುವಿ, “ಸಾರ್, ನಿಮ್ಮ ಪಿಂಚಣಿ ಆಪ್ಷನ್ ಫಾರಮ್ಮೇ ಇಲ್ವಲ್ಲ!” ಎಂದರು. ನಾನು ಅವರ ಮೇಲೆ ರೇಗಿದೆ, ಆಫೀಸಿನ ಮೇಲೆ ರೇಗಿದೆ, ದೇಶದ ಆಡಳಿತ ಕೆಟ್ಟಿತೆಂದು ಮನೆಗೆ ಬಂದು ಸುಶೀಲಳ ಮುಂದೆಯೂ ಕೂಗಾಡಿದೆ. ಅವಳು ಪೆಟ್ಟಿಗೆ, ಕಪಾಟು ಎಲ್ಲ ಹುಡುಕಿ, ಕೊನೆಗೆ ಪ್ರಬಂಧದ ನಮ್ಮ ಪ್ರತಿಯನ್ನು ಕೆಳಗಿಳಿಸಿ ಧೂಳು ಕೊಡವಿದಳು. ಬೈಂಡಾದ ಮೇಲೆ ಅದನ್ನು ಮೊದಲು ತೆರೆದವಳು ಅವಳೇ. ಕೊನೆಯ ಪುಟ ಬಿಡಿಸಿ ನನ್ನ ಮುಂದೆ ಹಿಡಿದಳು. ಅನುಬಂಧ ಮೂರು. ನನ್ನ ಹೆಸರು, ನನ್ನ ಸಹಿ, ‘ನಾನು ಪಿಂಚಣಿ ಯೋಜನೆಯನ್ನು ಸ್ವಇಚ್ಛೆಯಿಂದ ಆರಿಸಿಕೊಂಡಿರುತ್ತೇನೆ’. ಅವಳು ಬೈದಿದ್ದರೆ ಚೆನ್ನಾಗಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮಾರನೆಯ ದಿನ ಪ್ರಬಂಧವನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲಧಿಕಾರಿಗಳ ಬಳಿ ಹೋದೆ. ಸಜ್ಜನರು. ಕುರ್ಚಿ ಕೊಟ್ಟರು, ಕಾಫಿ ತರಿಸಿದರು, ಫಾರಂ ನೋಡಿ, “ಎಷ್ಟು ಚೆನ್ನಾಗಿ ತುಂಬಿದ್ದೀರಿ ಸಾರ್! ಇದು ಫೈಲಿನಲ್ಲಿ ಇರಬೇಕಿತ್ತು” ಎಂದು ಪೇಚಾಡಿದರು. ಒಂದು ವಿನಾಯಿತಿ ಕೊಡಲಾಗದೇ ಎಂದೆ. ಅವರು ಪುಟ ತಿರುವುತ್ತ ಕೊನೆಯ ಅಧ್ಯಾಯದಲ್ಲಿ ನಿಂತರು. “ನೀವೇ ಶಿಫಾರಸು ಮಾಡಿದ್ದೀರಲ್ಲ ಸಾರ್, ಗಡುವು ಮೀರಿದವರಿಗೆ ಯಾವ ಕಾರಣಕ್ಕೂ ರಿಯಾಯಿತಿ ತೋರಿಸಬಾರದು ಅಂತ. ಕಾರಣವನ್ನೂ ಕೊಟ್ಟಿದ್ದೀರಿ: ಹೀಗೆ ಗಡುವು ಮೀರುವವರು ಸಾಮಾನ್ಯವಾಗಿ ಅವಿದ್ಯಾವಂತರು, ಶಿಸ್ತಿಲ್ಲದವರು.” ನನ್ನ ಪ್ರಬಂಧವನ್ನು ಅಷ್ಟು ಶ್ರದ್ಧೆಯಿಂದ ಓದಿದ ಏಕೈಕ ವ್ಯಕ್ತಿಗೆ ಕೈ ಮುಗಿದು ಬಂದೆ.

ಪಿ.ಎಫ್. ಗಂಟು ಬಂತು. ಬಂದ ವರ್ಷವೇ ಮಗಳ ಮದುವೆಗೆ, ಮನೆಯ ತಾರಸಿಗೆ ಕರಗಿತು. ಈಗ ಒಂದನೇ ತಾರೀಖಿಗೆ ಮುಂಚೆ ಸುಶೀಲ ಹಪ್ಪಳ ಒತ್ತುತ್ತಾಳೆ, ನಾನು ಅಂಗಡಿಗಳಿಗೆ ಕೊಟ್ಟು ಬರುತ್ತೇನೆ. ಯಾರ ಮುಂದೆಯೂ ಅವಳು ಕೈ ಚಾಚಿಲ್ಲ ನಿಜ. ಆದರೆ ಆ ದಾರಿಯನ್ನು ಅವಳೇ ನೋಡಿಕೊಂಡಳು, ನಾನಲ್ಲ. ಈ ಮಾತು ಬರೆಯುವಾಗ ನನಗೆ ನಗು ಬರುವುದಿಲ್ಲ.

ಮುನಿವೆಂಕಟಪ್ಪ ಪಿಂಚಣಿ ತೆಗೆದುಕೊಂಡು ಸುಖವಾಗಿದ್ದಾನೆ. ವರ್ಷಕ್ಕೊಮ್ಮೆ ಅವನು ಬದುಕಿದ್ದಾನೆಂದು ಖಜಾನೆಗೆ ಒಂದು ಫಾರಂ ಕೊಡಬೇಕು. ಅದನ್ನು ತುಂಬಿಸಿಕೊಳ್ಳಲು ಟೊಮೇಟೊ ಚೀಲದೊಂದಿಗೆ ನಮ್ಮ ಮನೆಗೇ ಬರುತ್ತಾನೆ. ಬೇರೆಯವರ ಕೈಗುಣ ಅವನಿಗೆ ಆಗಿಬರುವುದಿಲ್ಲವಂತೆ. ಮೊನ್ನೆ ಬಂದವನು ನಾನು ಬರೆಯುವುದನ್ನೇ ನೋಡುತ್ತ ಕೂತಿದ್ದು, “ಸಾ, ನೀವು ಬದ್ಕಿದೀರಾ ಅಂತ ಸರ್ಕಾರದೋರು ಯಾರೂ ಕೇಳಲ್ವಾ ಸಾ?” ಎಂದ. ಪಾಪ, ಕುಹಕದಿಂದಲ್ಲ, ಮರುಕದಿಂದಲೇ ಕೇಳಿದ. ನಾನು ತುಂಬಿದ ಫಾರಂ ಚೆನ್ನಾಗಿದೆಯೇ ಎಂದು ದೂರ ಹಿಡಿದು ನೋಡಿ, ಮೇಜಿನ ಮೇಲಿದ್ದ ನನ್ನ ಪ್ರಬಂಧದ ಮೇಲೆ ಇಟ್ಟೆ. ಕಾಫಿ ತಂದ ಸುಶೀಲ ಲೋಟ ಕೆಳಗಿಡುವ ಮೊದಲೇ ಆ ಫಾರಂ ಎತ್ತಿ ಅವನ ಕೈಗೆ ಕೊಟ್ಟಳು.

“ಮುನೆಂಕಟಪ್ಪ, ಕಾಫಿ ಆಮೇಲೆ ಕುಡಿಯೋವಂತೆ. ಮೊದ್ಲು ಇದನ್ನ ಜೇಬಿಗೆ ಹಾಕ್ಕೋ. ಇಲ್ಲಿ ಬಿಟ್ರೆ ಇವ್ರು ಬೈಂಡ್ ಮಾಡಿಸ್ಬಿಡ್ತಾರೆ.”