ದೊಡ್ಡಪ್ಪನ ಪುಸ್ತಕ ಕೇಳಿದವರು

ನಮ್ಮ ದೊಡ್ಡಪ್ಪ ಬರೆದ ಪುಸ್ತಕಗಳನ್ನು ಓದಿದವರು ಈ ಭೂಮಿಯ ಮೇಲೆ ಒಬ್ಬರಾದರೂ ಇದ್ದಾರೆಯೇ ಎಂಬುದು ನನಗೆ ಅನುಮಾನ. ಆದರೆ ಕೇಳಿದವರು? ಅರ್ಧ ಬೆಂಗಳೂರು!

ಇತಿಹಾಸದ ಮೇಷ್ಟರಾಗಿ ಶುರುಮಾಡಿ, ಪ್ರಿನ್ಸಿಪಾಲರಾಗಿ, ಕೊನೆಗೆ ಉಪಕುಲಪತಿಗಳಾದವರು ಅವರು. ಯಾವ ವಿಶ್ವವಿದ್ಯಾಲಯ ಎಂದು ಕೇಳಬೇಡಿ, ಅದಿನ್ನೂ ಸುಧಾರಿಸಿಕೊಳ್ಳುತ್ತಿದೆ. ಬೇರೆಯವರು ಅಧಿಕಾರಕ್ಕಾಗಿ, ಕಾರಿಗಾಗಿ ಮೇಲೇರುತ್ತಾರೆ; ದೊಡ್ಡಪ್ಪ ಏರಿದ್ದು ಕೇಳುಗರಿಗಾಗಿ. ಮೇಷ್ಟರಾಗಿದ್ದಾಗ ಅವರ ಕೈಗೆ ಸಿಕ್ಕುತ್ತಿದ್ದವರು ವಿದ್ಯಾರ್ಥಿಗಳು, ಪ್ರಿನ್ಸಿಪಾಲರಾದ ಮೇಲೆ ಮೇಷ್ಟರುಗಳು, ಉಪಕುಲಪತಿಯಾದ ಮೇಲೆ ಯಾರನ್ನು ಬಿಟ್ಟರು ಹೇಳಿ? ಸರ್ಕಾರಿ ಬಂಗಲೆ ಬೇಡವೆಂದು ಜಯನಗರದ ಸ್ವಂತ ಮನೆಯಲ್ಲೇ ಉಳಿದಾಗ ಎಂಥ ಸರಳತೆ ಎಂದು ಎಲ್ಲರೂ ಹೊಗಳಿದರು. ಬಂಗಲೆಗೆ ಹಿಂಬಾಗಿಲಿತ್ತು, ಈ ಮನೆಗೆ ಇರಲಿಲ್ಲ ಎಂಬುದು ನಮಗೆ ಮಾತ್ರ ಗೊತ್ತು. ಬಡಾವಣೆ ಆಗ ಹೊಸದು, ಕಾಂಪೌಂಡಿನಾಚೆ ರಾಗಿ ಹೊಲ. ತಪ್ಪಿಸಿಕೊಂಡು ಓಡಿದರೂ ಬಸ್ಸು ಸಿಗಬೇಕಲ್ಲ!

ಅವರು ಬರೆಯುವ ಪದ್ಧತಿಯೇ ಹಾಗೆ. ಬೆಳಿಗ್ಗೆ ಬರೆದದ್ದನ್ನು ಸಂಜೆ ಯಾರಿಗಾದರೂ ಓದಿ ಹೇಳಬೇಕು. ಕೇಳುವವರ ಕಣ್ಣು ಎಲ್ಲಿ ಮುಚ್ಚಿತೋ ಆ ಪ್ಯಾರಾಕ್ಕೆ ಕೆಂಪು ಪೆನ್ಸಿಲ್ಲಿನ ಗೀಟು. ಹೊಗಳಿಕೆಯನ್ನು ಅವರು ನಂಬುತ್ತಿರಲಿಲ್ಲ, ತೂಕಡಿಕೆಯನ್ನು ನಂಬುತ್ತಿದ್ದರು. ಒಮ್ಮೆ ಅವರ ರಿಜಿಸ್ಟ್ರಾರರು ಭರ್ಜರಿ ಊಟ ಮುಗಿಸಿ ಬಂದು, ಮೊದಲ ಸಾಲಿಗೇ ಗೊರಕೆ ಹೊಡೆದರು. ಪಾಪ, ಆ ಗೊರಕೆಗೆ ಒಂದು ಇಡೀ ರಾಜವಂಶ ನಿರ್ನಾಮವಾಯಿತು!

ಸೀಟು ಕೇಳಲು ಬಂದವರೇ ಒಳ್ಳೆಯ ಕೇಳುಗರು. ಉತ್ತರಹಳ್ಳಿಯ ರೈತರೊಬ್ಬರು ಮಗನಿಗೆ ಕಾಲೇಜು ಸೀಟು ಕೇಳಲು ಬಂದು, ಕೈಕಟ್ಟಿ ಕೂತು ಒಂದು ಅಧ್ಯಾಯ ಪೂರ್ತಿ ಕೇಳಿದರು.

"ಹೇಗಿದೆ?" ಎಂದರು ದೊಡ್ಡಪ್ಪ.

"ಬೋ ಸಂದಾಗದೆ ಬುದ್ಧಿ. ಆ ರಾಜನ ಕಡೇ ಮಗಂಗೆ ಕೊನೆಗಾದ್ರೂ ಪಟ್ಟ ಆಯ್ತಾ? ನಮ್ಮ ಹುಡುಗಂದೂ ಅದೇ ಕತೆ!"

ದೊಡ್ಡಪ್ಪ ಮನಸಾರೆ ನಕ್ಕರು, ಕಾಫಿ ಕೊಡಿಸಿದರು. ಸೀಟು? "ಮಾರ್ಕ್ಸ್ ಇದ್ರೆ ನಾನು ಬೇಡ, ಮಾರ್ಕ್ಸ್ ಇಲ್ದಿದ್ರೆ ನಾನಿದ್ದೂ ಪ್ರಯೋಜನ ಇಲ್ಲ," ಎಂದು ಕಳಿಸಿದರು. ಒಬ್ಬರಿಗೂ ಶಿಫಾರಸು ಮಾಡಿದವರಲ್ಲ. ಆದರೂ ಜನ ಬರುತ್ತಲೇ ಇದ್ದರು. ಕುರ್ಚಿಯ ಮೇಲೆ ಜನಕ್ಕೆ ಅಷ್ಟು ನಂಬಿಕೆ!

ಆ ಕುರ್ಚಿ ಹೋಯಿತು. ನಿವೃತ್ತಿಯಾದ ಮಾರನೆಯ ದಿನದಿಂದಲೇ ವರಾಂಡ ಖಾಲಿ. ಹೊಸ ಪುಸ್ತಕ ಅರ್ಧಕ್ಕೇ ನಿಂತಿತು. ಕೇಳುವವರಿಲ್ಲದೆ ಬರೆಯಲು ಅವರಿಗೆ ಬರುತ್ತಲೇ ಇರಲಿಲ್ಲ. ಒಂದು ದಿನ ದೊಡ್ಡಮ್ಮ ನಮ್ಮ ಮನೆಗೆ ಬಂದವರೇ ನನ್ನನ್ನು ಪಕ್ಕಕ್ಕೆ ಕರೆದರು.

"ಪೆನ್ನೇ ಮುಟ್ತಿಲ್ಲ ಕಣೋ. ಊಟಾನೂ ಸೇರ್ತಿಲ್ಲ. ನೀನು ಹೋಗಿ ಒಂದು ಸೀಟು ಕೇಳೋ."

"ದೊಡ್ಡಮ್ಮ, ನಾನು ಓದು ಮುಗಿಸಿ ಕೆಲಸಕ್ಕೆ ಸೇರಿದ್ದೀನಿ!"

"ಆದ್ರೇನೀಗ? ಕೇಳಿದ್ರೆ ಅವರೇನು ಕೊಡ್ತಾರಾ?"

ಹೋದೆ. ದೊಡ್ಡಪ್ಪ ವರಾಂಡದಲ್ಲಿ ಕೋಟು ಹಾಕಿಕೊಂಡು, ಗೇಟು ನೋಡುತ್ತಾ ಕೂತಿದ್ದರು. "ಒಂದು ಸೀಟು ಬೇಕಾಗಿತ್ತು ದೊಡ್ಡಪ್ಪ," ಎಂದೆ. ಯಾವ ಸೀಟು, ಯಾರಿಗೆ ಎಂದು ಅವರು ಕೇಳಲೇ ಇಲ್ಲ. "ಕೂತ್ಕೋ," ಎಂದು ಒಳಗಿನಿಂದ ಹಾಳೆಗಳನ್ನು ತಂದರು. ಕೆರೆಗಳ ಮೇಲಿನ ಕಂದಾಯದ ಅಧ್ಯಾಯ! ತೊಡೆ ಚಿವುಟಿಕೊಂಡು, ಕಣ್ಣು ಅರಳಿಸಿಕೊಂಡು ಕೂತೆ. ಓದುತ್ತಾ ಓದುತ್ತಾ ಅವರ ದನಿ ಮತ್ತೆ ಉಪಕುಲಪತಿಗಳ ದನಿಯಾಯಿತು.

ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ನಿನಗೆ ಯಾವ ಸೀಟೂ ಬೇಡ. ನಿಮ್ಮ ದೊಡ್ಡಮ್ಮ ಕಳಿಸಿದ್ದು, ಅಲ್ವೇನೋ?"

ನಾನು ತಲೆ ತಗ್ಗಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಒಳಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ನನಗೆ ಗೊತ್ತಾಯ್ತು ಅಂತ ಅವಳಿಗೆ ಹೇಳಬೇಡ. ನಾಳೇನೂ ಬಾ. ಮುಂದಿಂದು ಬರೆದಿಟ್ಟಿರ್ತೀನಿ."

ಬರುತ್ತೇನೆ ಎಂದು ತಲೆಯಾಡಿಸಿದೆ.