ಗುಲಾಬಿ ಅಂಚಿನ ಅಲೆಮೋಡ

ನಾನು ದಿನಚರಿ ಬರೆಯುತ್ತೇನೆ ಎಂದರೆ ಕೇಳಿದವರು ನನ್ನನ್ನು ಶಿಸ್ತಿನ ಮನುಷ್ಯನೆಂದು ತಿಳಿಯುತ್ತಾರೆ. ನಿಜವೆಂದರೆ ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಗುಲಬರ್ಗಾದಲ್ಲಿ ಇತಿಹಾಸ ಎಂ.ಎ. ಓದುವಾಗ, ಒಂದೇ ಯುದ್ಧವನ್ನು ಕಂಡ ಇಬ್ಬರು ಎರಡು ಬೇರೆ ಯುದ್ಧಗಳನ್ನು ಬರೆದಿಡುತ್ತಾರೆ ಎಂದು ನಮ್ಮ ಪ್ರಾಧ್ಯಾಪಕರೊಬ್ಬರು ಹೇಳಿದ್ದರು. ಹೇಳಿದವರು ಅವರೋ ಅಥವಾ ಪಕ್ಕದಲ್ಲಿ ಕೂತಿದ್ದ ಗೆಳೆಯನೋ ಎಂಬುದು ಈಗ ಖಚಿತವಿಲ್ಲ. ಹೀಗೆ ಎಲ್ಲದರಲ್ಲೂ ಅನುಮಾನಪಡುವ ನಾನು ಒಂದು ವಿಷಯದಲ್ಲಿ ಮಾತ್ರ ನನ್ನನ್ನು ಪೂರ್ತಿ ನಂಬಿದ್ದೆ. ನಾನು ಅಲೆಮೋಡ ಕಂಡಿದ್ದೇನೆ. ಬೂದು ಬಣ್ಣದ ಸಮುದ್ರವನ್ನು ತಲೆಕೆಳಗಾಗಿ ತೂಗುಹಾಕಿದಂತಿತ್ತು. ಅಲೆಗಳ ಅಂಚಿನಲ್ಲಿ ತುಸು ಗುಲಾಬಿ.

ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದ ನನಗೆ ಮೋಡದ ಹುಚ್ಚು ಹತ್ತಿದ್ದು ರದ್ದಿಯಲ್ಲಿ ಸಿಕ್ಕ ಒಂದು ಪುಸ್ತಕದಿಂದ. ಮೊದಲ ಹತ್ತು ಪುಟ, ಕೊನೆಯ ಹತ್ತು ಪುಟ ಹರಿದಿದ್ದವು. ಹಾಗಾಗಿ ಮೋಡ ಹೇಗೆ ಹುಟ್ಟುತ್ತದೆ, ಕೊನೆಗೆ ಏನಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನಡುವಿನದೆಲ್ಲ ಗೊತ್ತಿತ್ತು. ಸಾಲೆ ಬಿಟ್ಟ ಮೇಲೆ ಮಾಳಿಗೆ ಹತ್ತಿ ಕತ್ತೆತ್ತಿ ನಿಲ್ಲುತ್ತಿದ್ದೆ. ಪಕ್ಕದ ಮನೆಯ ಮಹಬೂಬ ಚಾಚಾ ತಗಡಿನ ಟ್ರಂಕು ಮಾಡುವವರು. ತಮ್ಮ ಮಾಳಿಗೆಯ ಮೇಲೆ ಟ್ರಂಕುಗಳಿಗೆ ಬಣ್ಣ ಬಳಿಯುತ್ತ ಕೇಳುತ್ತಿದ್ದರು: "ಏನ್ ಮಾಸ್ತರ, ಮ್ಯಾಲಿಂದ ಬೀಗರು ಬರೋರದಾರೇನು?"

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಹುಮನಾಬಾದಿನಲ್ಲಿ ನನ್ನ ಹೆಂಡತಿ ಶಾಂತಾಳ ಅಕ್ಕನ ಮಗಳ ಮದುವೆ ಗೊತ್ತಾಯಿತು. ನಮ್ಮ ಕಡೆ ಮದುವೆಯಲ್ಲಿ ರುಕವತ ಇಡುತ್ತಾರೆ. ಹೆಣ್ಣಿನ ಮನೆಯವರು ಕೈಯಾರೆ ಮಾಡಿದ ಹಪ್ಪಳ, ಸಂಡಿಗೆ, ಕಸೂತಿಗಳನ್ನೆಲ್ಲ ಮಂಟಪದಲ್ಲಿ ಒಪ್ಪವಾಗಿ ಜೋಡಿಸುವುದು, ಗಂಡಿನ ಕಡೆಯ ಹೆಂಗಸರು ಅದರ ಸುತ್ತ ನಿಂತು ಏನಾದರೂ ಕೊರತೆ ಸಿಕ್ಕೀತೇ ಎಂದು ಹುಡುಕುವುದು. ಅದರಲ್ಲಿಡುವ ಬಣ್ಣದ ಕುರುಡಗಿ ಸಂಡಿಗೆಯ ಕೆಲಸವನ್ನು ಶಾಂತಾ ತಾನೇ ಒಪ್ಪಿಕೊಂಡಿದ್ದಳು. ಮೂರು ದಿನ ಗೋಧಿ ನೆನೆಹಾಕಿ, ಹಾಲು ತೆಗೆದು, ಕುದಿಸಿ, ಗುಲಾಬಿ ಬಣ್ಣ ಬೆರೆಸಿ, ಎಳೆಎಳೆಯಾಗಿ ಒತ್ತಿ ನಮ್ಮ ಮಾಳಿಗೆಯಲ್ಲಿ ಬಿಳಿ ಚಾದರದ ಮೇಲೆ ಒಣಹಾಕಿದಳು. ಕಾವಲಿಗೆ ನಾನು.

"ಹ್ಯಾಂಗೂ ಮ್ಯಾಲ ನೋಡ್ಕೋತ ನಿಂದ್ರತೀರಿ. ನಡುನಡುವ ಒಂದೀಟು ಕೆಳಗೂ ನೋಡ್ರಿ. ಕಾಗಿ ಬಂದ್ರ ಹೊಡೀರಿ, ಮೋಡ ಬಂದ್ರ ನನ್ನ ಕರೀರಿ," ಎಂದಳು.

ಮಧ್ಯಾಹ್ನ ಮೂರರ ಹೊತ್ತಿಗೆ ನಾರಾಯಣಪುರದ ದಿಕ್ಕಿನಿಂದ ಅದು ಬಂತು. ಅಂಥದನ್ನು ನಾನು ಪುಸ್ತಕದ ನಡುವಿನ ಪುಟಗಳಲ್ಲೂ ಕಂಡಿರಲಿಲ್ಲ. ಆಕಾಶವೇ ಮಡಿಕೆ ಮಡಿಕೆಯಾಗಿ ಹೊರಳುತ್ತಿತ್ತು. ದಿನಚರಿ ತರಲು ಕೆಳಗೆ ಓಡಿದೆ. ಅಡುಗೆಮನೆಯಲ್ಲಿ ಶಾಂತಾ ರೊಟ್ಟಿ ಬಡಿಯುತ್ತಿದ್ದಳು. ಅವಳ ಬೆನ್ನ ಹಿಂದೆಯೇ ಹೋಗಿ, ಬೆನ್ನ ಹಿಂದೆಯೇ ವಾಪಸು ಬಂದೆ. ಕರೆಯಲಿಲ್ಲ. ಕರೆದಿದ್ದರೆ ಚಾದರದ ಎರಡು ತುದಿ ನಾನು ಹಿಡಿಯಬೇಕಾಗುತ್ತಿತ್ತು, ಆಗ ಮೋಡವನ್ನು ಯಾರು ನೋಡಬೇಕು?

ಚಾಚಾ ಟ್ರಂಕುಗಳನ್ನು ಒಳಗೆ ಸಾಗಿಸುತ್ತಿದ್ದರು. "ಮನಿ ಮ್ಯಾಲ ತಗಡಿನ ಪತ್ರಾ ಹೊದಿಸಿದಂಗ ಕಾಣಾಕತ್ತದ ಮಾಸ್ತರ. ಸೋರಲಾರದ ಪತ್ರಾ ನಾ ನೋಡಿಲ್ಲ," ಎಂದರು.

ಅದು ಸೋರಿತು. ಶಾಂತಾ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಕುರುಡಗಿ ಕರಗಿ ಗಂಜಿಯಾಗಿತ್ತು. ಅವಳು ಕೂತು ಎರಡೂ ಅಂಗೈಗಳಿಂದ ಅದನ್ನು ಬಳಿದು ಪಾತ್ರೆಗೆ ತುಂಬಲು ನೋಡಿದಳು. ನಾನು ತೆರೆದ ದಿನಚರಿ ಹಿಡಿದು ನಿಂತಿದ್ದೆ. ಅವಳು ನನ್ನನ್ನು ಬಯ್ಯಲಿಲ್ಲ. "ಅಕ್ಕಗ ಏನ್ ಹೇಳ್ಲಿ?" ಎಂದಳು, ಅಷ್ಟೆ.

ಮರುದಿನ ಮೊದಲ ಬಸ್ಸಿಗೇ ನನ್ನನ್ನು ಹುಮನಾಬಾದಿಗೆ ಕರೆದೊಯ್ದಳು. ಅಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಮತ್ತೆ ಕುರುಡಗಿ ಮಾಡಿದರು. ಒತ್ತುವ ಕೆಲಸ ನನ್ನದು. ತೋಳು ಬಿದ್ದುಹೋಗುವಂತಾದರೂ ಕೈ ನಿಲ್ಲಿಸಲಿಲ್ಲ. ಗುಲಾಬಿ ಬಣ್ಣ ಸಿಗದೆ ಅರಿಸಿನ ಹಾಕಿದ್ದರು. ಗಂಡಿನ ಕಡೆಯ ಮುದುಕಿಯೊಬ್ಬಳು, "ಗುಲಾಬಿ ಇಲ್ಲೇನವಾ?" ಎಂದು ಕೇಳಿಯೇಬಿಟ್ಟಳು. ಶಾಂತಾ ನನ್ನ ಕಡೆ ನೋಡಿದಳು. ನಾನು ಮಂಟಪದ ಬಟ್ಟೆಯ ಛತ್ತನ್ನು ನೋಡುತ್ತ ನಿಂತೆ.

ವರ್ಷಗಳು ಕಳೆದವು. ಎರಡು ಸಾವಿರದ ಇಸವಿಯ ನಂತರದ ಒಂದು ದಿನ ಪತ್ರಿಕೆಯಲ್ಲಿ ಯಾವುದೋ ದೇಶದ ಅಲೆಮೋಡದ ಚಿತ್ರ ಬಂತು. ಅಪರೂಪದ್ದು, ಹೊಸ ಹೆಸರು ಕೊಡಬೇಕೆಂಬ ಚರ್ಚೆ ನಡೆದಿದೆ ಎಂದಿತ್ತು. ಹುಮನಾಬಾದಿನಲ್ಲಿ ಭೂಗೋಳ ಕಲಿಸುವ ಪರಿಚಯದ ಪಾಟೀಲರಿಗೆ ಫೋನು ಮಾಡಿ, ಇದನ್ನು ನಾನು ಎಂದೋ ಕಂಡಿದ್ದೇನೆ, ಮೂರು ಪುಟ ಬರೆದಿದ್ದೇನೆ, ಚಿತ್ರವೂ ಇದೆ ಎಂದೆ. ಅವರು ಭಾನುವಾರ ಬಂದೇಬಿಟ್ಟರು. ದಾಖಲೆ ಇದ್ದರೆ ಲೇಖನ ಬರೆಯುವುದಾಗಿ ಹೇಳಿದರು. ಆ ಕುರುಡಗಿಯ ಪಾಪಕ್ಕೆ ಕೊನೆಗೂ ಒಂದು ಅರ್ಥ ಸಿಗುವುದರಲ್ಲಿತ್ತು.

ದಿನಚರಿಯ ಆ ದಿನದ ಪುಟ ತೆರೆದೆ. ಅಲ್ಲಿದ್ದದ್ದು ಇಷ್ಟು: "ಮೋಡ. ಮಳೆ. ಕುರುಡಗಿ ಹೋಯಿತು. ಶಾಂತಾ ಉಣ್ಣಲಿಲ್ಲ."

ಪಾಟೀಲರು ಸಮಾಧಾನದಿಂದ, "ಇರ್ಲಿ ಸರ್, ಹ್ಯಾಂಗಿತ್ತು ಬಾಯಿಲೇ ಹೇಳ್ರಿ," ಎಂದರು. ಹೇಳಿದೆ. ಗುಲಾಬಿ ಅಂಚಿಗೆ ಬಂದಾಗ ಅವರ ಪೆನ್ನು ನಿಂತಿತು.

"ಮಧ್ಯಾಹ್ನ ಮೂರಕ್ಕ ಗುಲಾಬಿ ಎಲ್ಲಿಂದ ಬಂತ್ರಿ ಸರ್?"

ಶಾಂತಾ ಎದ್ದು ಒಳಗೆ ಹೋಗಿ ಒಂದು ಚಾದರ ತಂದು ನಮ್ಮ ಮುಂದೆ ಬಿಡಿಸಿದಳು. ಬಿಳಿಯ ಮೇಲೆ ಉದ್ದುದ್ದಕ್ಕೆ ಮಾಸಿದ ಅಲೆಗಳು. ಅಂಚಿನಲ್ಲಿ ತುಸು ಗುಲಾಬಿ.

"ಅವತ್ತ ನಾ ಅಂಗೈಲೇ ಬಳದದ್ರಿ ಇದು. ಎಷ್ಟ್ ಒಗದ್ರೂ ಹೋಗ್ಲಿಲ್ಲ. ಪ್ರತಿ ಬ್ಯಾಸಗಿ ಇವ್ರು ಇದನ್ನೇ ಹೊದ್ಕೊಂಡು ಮಲಗ್ತಾರ."

ಕೊನೆಯ ಆಸೆಯಿಂದ ಪಾಟೀಲರನ್ನು ಚಾಚಾ ಬಳಿಗೆ ಕರೆದೊಯ್ದೆ. "ಚಾಚಾ, ಆ ಮೋಡ ಪತ್ರಾ ಹೊದಿಸಿದಂಗ ಅದ ಅಂತ ನೀವೇ ಅಂದಿದ್ರಿ, ಹೌದಲ್ಲ?"

ಅವರು ಸ್ವಲ್ಪ ಯೋಚಿಸಿದರು. "ಪತ್ರಾ ಅಂದವ್ರು ನೀವ್ರಿ ಮಾಸ್ತರ. ಸೋರ್ತದ ಅಂದಾಂವ ನಾ. ಮ್ಯಾಲ ನೋಡಾಕ ನನಗ ಪುರಸತ್ತೆಲ್ಲಿತ್ತು, ಹಸಿ ಬಣ್ಣದ ಟ್ರಂಕ್ ಇದ್ವು."

ಪಾಟೀಲರು ಶಾಂತಾ ಕರಿದುಕೊಟ್ಟ ಕುರುಡಗಿ ತಿಂದು, ಬಹಳ ಚೆನ್ನಾಗಿದೆ ಎಂದು ಹೇಳಿ ಬಸ್ಸು ಹತ್ತಿದರು. ಅಂದು ಸಂಜೆ ನಾನು ದಿನಚರಿ ತೆಗೆದು, ಇನ್ನು ಮರೆಯಬಾರದೆಂದು, ಕಂಡದ್ದನ್ನೆಲ್ಲ ಮೂರು ಪುಟ ತುಂಬಾ ಬರೆದೆ. ಕೊನೆಗೆ ಮೋಡದ ಚಿತ್ರವನ್ನೂ ಬಿಡಿಸಿದೆ. ಬಲಗಡೆಯ ಅಲೆಗಳು ಎಷ್ಟಿದ್ದವೆಂದು ಮಾತ್ರ ಅನುಮಾನ ಬಂತು. ಶಾಂತಾಳನ್ನು ಕರೆದು, ಚಾದರದ ಎರಡು ತುದಿ ಹಿಡಿದುಕೊಳ್ಳಲು ಹೇಳಿದೆ.